ಇನ್ನು ಮುಂದೆ ಶೇಂಗಾ ಬೆಣ್ಣೆ ಲೋಟದಲ್ಲಲ್ಲ, ತೂಕದಲ್ಲಿ

ಪ್ರೀತಿಯ ಗ್ರಾಹಕರಿಗೆ ಚಳ್ಳಕೆರೆಯಿಂದ ನಮಸ್ಕಾರ.

ಡಬ್ಬಿ ತಂದು ಶೇಂಗಾ ಬೆಣ್ಣೆ ತುಂಬಿಸಿಕೊಂಡು ಹೋಗುವವರಿಗೆ ಇಷ್ಟು ದಿನ 200 ಎಂಎಲ್ ಸ್ಟೀಲ್ ಲೋಟದಲ್ಲಿ ಅಳೆದು ಕೊಡುತ್ತಿದ್ದೆವು. ಬರುವ ಸೋಮವಾರದಿಂದ ತೂಕ ಹಾಕಿ ಕೊಡುತ್ತೇವೆ. ಸೀಲ್ ಮಾಡಿದ ಜಾರುಗಳ ಮೇಲೆ ಮೊದಲಿನಿಂದಲೂ ಗ್ರಾಂ ಲೆಕ್ಕವೇ ಇದೆ. ಪ್ಯಾಕ್ ಮಾಡಿ ಮಾರುವ ಸರಕುಗಳಿಗೆ ಇರುವ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಗಟ್ಟಿ, ಅರೆಗಟ್ಟಿ ಪದಾರ್ಥಕ್ಕೆ ತೂಕವನ್ನೇ ನಮೂದಿಸಬೇಕು. ಬಿಡಿ ಮಾರಾಟದಲ್ಲಿ ಮಾತ್ರ ಲೋಟ ಉಳಿದುಕೊಂಡಿತ್ತು. ಪಾವು, ಸೇರಿನಲ್ಲಿ ಅಳೆದು ಪಳಗಿದ ಕೈಗಳು ನಮ್ಮವು. ಅದರಲ್ಲಿ ತಪ್ಪಿದೆ ಅಂತ ಅನ್ನಿಸಿರಲೇ ಇಲ್ಲ.

ಅನ್ನಿಸುವ ಹಾಗೆ ಮಾಡಿದ್ದು ನಿಮ್ಮಲ್ಲೇ ಒಬ್ಬರು. "ಯಾಕಮ್ಮಾ, ಹೋದ ಸಲದ್ದು ಭಾರ ಇತ್ತು, ಈ ಸಲದ್ದು ಹಗುರ ಇದೆ?" ಅಂತ ಡಬ್ಬಿ ಹಿಡಿದುಕೊಂಡೇ ಬಂದರು. ಅವತ್ತು ಸಂಜೆ ಅದೇ ಲೋಟ ತುಂಬಿ ತುಂಬಿ ತೂಗಿ ನೋಡಿದೆವು. ಗ್ರೈಂಡರಿನಿಂದ ಆಗಷ್ಟೇ ತೆಗೆದ ಬಿಸಿ ಬೆಣ್ಣೆ ಸಡಿಲವಾಗಿ ಇಳಿದು ಸಂದಿಯಿಲ್ಲದೆ ಕೂತಿತು: 216 ಗ್ರಾಂ. ಮಾರನೇ ದಿನದ ಗಟ್ಟಿ ಬೆಣ್ಣೆಯನ್ನು ಸೌಟಿನಲ್ಲಿ ಹಾಕಿದಾಗ ಒಳಗೆ ಗಾಳಿ ಸೇರಿಕೊಂಡು 197 ಮಾತ್ರ ಬಂತು. ಲೋಟದ ಬಾಯಿ ನೋಡಿದರೆ ಎರಡೂ ತುಂಬಿದ ಹಾಗೇ ಕಾಣುತ್ತಿತ್ತು. ನಮ್ಮ ಬೆಣ್ಣೆಗೆ ಬೇರೆ ಏನೂ ಬೆರೆಸುವುದಿಲ್ಲವಾದ್ದರಿಂದ ಎಣ್ಣೆ ಮೇಲೆ ತೇಲುತ್ತದೆ. ಚೆನ್ನಾಗಿ ಕಲಕದೆ ಅಳೆದರೆ ಮೊದಲು ಬಂದವರಿಗೆ ಎಣ್ಣೆ, ಕೊನೆಗೆ ಬಂದವರಿಗೆ ಗಷ್ಟು. ಇದಕ್ಕೆ ತೂಕವೂ ಮದ್ದಲ್ಲ, ಕಲಕಲೇಬೇಕು. ಪ್ರತಿ ಸಲ ಬುಡದವರೆಗೂ ಕಲಕಿಯೇ ಹಾಕುತ್ತೇವೆ.

ಬೆಲೆ ಏರಿಸುವ ಉಪಾಯ ಇದಲ್ಲ. ಲೋಟಕ್ಕೆ 100 ರೂಪಾಯಿ ಇತ್ತು. ಸರಿಯಾಗಿ ತುಂಬಿದ ಲೋಟದ 216 ಗ್ರಾಂ ಹಿಡಿದೇ ಲೆಕ್ಕ ಹಾಕಿ 100 ಗ್ರಾಂಗೆ 46 ರೂಪಾಯಿ ಇಟ್ಟಿದ್ದೇವೆ. ನಿಮ್ಮ ಖಾಲಿ ಡಬ್ಬಿಯನ್ನು ಮೊದಲು ತೂಕದ ಯಂತ್ರದ ಮೇಲಿಟ್ಟು ಸೊನ್ನೆ ಮಾಡುತ್ತೇವೆ. ಸೊನ್ನೆ ಬಂದದ್ದನ್ನು ನೀವೇ ನೋಡಿಕೊಳ್ಳಿ, ಆಮೇಲೆ ಸೌಟು ಹಾಕುತ್ತೇವೆ.

ಹಳೆಯ ಕರಪತ್ರದಲ್ಲಿ ಕೊಟ್ಟಿದ್ದ ಲಡ್ಡು, ಬಿಸ್ಕತ್ತುಗಳ ಅಳತೆಯನ್ನು ಹೀಗೆ ಬದಲಿಸಿಕೊಳ್ಳಿ: 15 ಎಂಎಲ್‌ನ ಒಂದು ದೊಡ್ಡ ಚಮಚ ಮಟ್ಟಸವಾಗಿ ತುಂಬಿದರೆ ಸುಮಾರು 16 ಗ್ರಾಂ, 240 ಎಂಎಲ್‌ನ ಒಂದು ಕಪ್ಪು 255ರಿಂದ 260 ಗ್ರಾಂ. ಗೋಪುರದ ಹಾಗೆ ತುಂಬಿದ ಚಮಚಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಜೇನುತುಪ್ಪಕ್ಕಂತೂ ಇದನ್ನು ಬಳಸಲೇಬೇಡಿ. ಅದೇ ಕಪ್ಪಿನ ತುಂಬ ಜೇನು ಹಾಕಿದರೆ 340 ಗ್ರಾಂ ಹತ್ತಿರ ತೂಗುತ್ತದೆ. ಮನೆಯಲ್ಲಿ ತೂಕದ ಯಂತ್ರ ಇದ್ದರೆ ಕಪ್ಪಿನ ಗೋಜೇ ಬೇಡ. ಜಾರನ್ನೇ ಅದರ ಮೇಲಿಟ್ಟು ಸೊನ್ನೆ ಮಾಡಿ ಚಮಚದಲ್ಲಿ ತೆಗೆಯುತ್ತಾ ಹೋಗಿ. ಎಷ್ಟು ಗ್ರಾಂ ಕಡಿಮೆ ತೋರಿಸುತ್ತದೋ ಅಷ್ಟು ಹಿಟ್ಟಿಗೆ ಬಿದ್ದಿದೆ ಎಂದರ್ಥ. ಕಪ್ಪಿಗೆ ಮೆತ್ತಿಕೊಂಡದ್ದನ್ನು ಬೆರಳಿನಲ್ಲಿ ಬಳಿಯುವ ಕೆಲಸವೂ ತಪ್ಪುತ್ತದೆ.

ಇಷ್ಟು ದಿನ ಲೋಟದಲ್ಲಿ ಕಡಿಮೆ ಬಂದವರಿಗೆ ನಾವು ಋಣಿಗಳು. ಈ ತಿಂಗಳು ಪೂರ್ತಿ ಡಬ್ಬಿ ತಂದವರಿಗೆಲ್ಲ, ಎಷ್ಟೇ ಕೊಳ್ಳಲಿ, 20 ಗ್ರಾಂ ಹೆಚ್ಚಿಗೆ ಹಾಕುತ್ತೇವೆ. ಮರೆತರೆ ಕೇಳಿ ಹಾಕಿಸಿಕೊಳ್ಳಿ.

ಇಂತಿ ನಿಮ್ಮ,
ಶೇಂಗಾ ಬೆಣ್ಣೆ ಘಟಕದ ಹೆಣ್ಣುಮಕ್ಕಳು