ವಾರದ ಚೆಸ್ ಒಗಟಿನಲ್ಲಿ ಡ್ರಾಗೂ ಜಾಗ ಕೊಡಿ

ಮಾನ್ಯರೇ,

ನಿಮ್ಮ ಭಾನುವಾರದ ಚೆಸ್ ಒಗಟನ್ನು ನಾನು ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದ ಕಾಲದಿಂದ ಬಿಡಿಸುತ್ತಿದ್ದೇನೆ. ಆಗ ಡಿಪೋದಲ್ಲಿ ಕೂತು, ಈಗ ಜಗುಲಿಯ ಮೇಲೆ. ಇಷ್ಟು ವರ್ಷದಲ್ಲಿ ಒಗಟಿನ ತಲೆಬರಹ ಮಾತ್ರ ಬದಲಾಗಿಲ್ಲ: 'ಬಿಳಿ ಆಡಿ ಎರಡು ನಡೆಯಲ್ಲಿ ಮೇಟ್'. ಅದರ ಬಗ್ಗೆಯೇ ಈ ಪತ್ರ.

ಕಳೆದ ತಿಂಗಳು ಒಂಬತ್ತು ವರ್ಷದ ಮೊಮ್ಮಗಳನ್ನು ಮಕ್ಕಳ ಪಂದ್ಯಾವಳಿಗೆ ಕರೆದುಕೊಂಡು ಹೋಗಿದ್ದೆ. ಮೂರನೇ ಸುತ್ತು. ಅವಳ ಹತ್ತಿರ ಉಳಿದಿದ್ದು ರಾಜ ಒಂದೇ. ಎದುರು ಬಿಳಿ ಕಾಯಿ ಆಡುತ್ತಿದ್ದ ಹುಡುಗನ ಬಳಿ ರಾಜ, ಒಂದು ಒಂಟೆ, ಬಲತುದಿಯ ಎಚ್ ಸಾಲಿನಲ್ಲಿ ಒಂದು ಪದಾತಿ. ನೋಡಿದವರೆಲ್ಲ ಕಥೆ ಮುಗಿಯಿತು ಅನ್ನುತ್ತಾರೆ. ಇವಳೂ ಹಾಗೇ ಅಂದುಕೊಂಡು ಗಡಿಯಾರ ನಿಲ್ಲಿಸಿ ಕೈ ಕೊಟ್ಟಳು. ಚೆಸ್‌ನಲ್ಲಿ ಕೈ ಕೊಡುವುದು ಅಂದರೆ ಸೋಲೊಪ್ಪಿ ಕೈ ಕುಲುಕುವುದು. ನಮ್ಮ ಕಡೆಯ ಅರ್ಥದಲ್ಲಿ ತನಗೆ ತಾನೇ ಕೈ ಕೊಟ್ಟುಕೊಂಡಳು.

ಯಾಕೆಂದರೆ ಅದು ಅಪ್ಪಟ ಡ್ರಾ. ಪದಾತಿ ರಾಣಿಯಾಗಬೇಕಾದ ಮೂಲೆಮನೆ ಎಚ್8 ಕಪ್ಪು ಬಣ್ಣದ್ದು. ಆ ಹುಡುಗನ ಒಂಟೆ ಓಡಾಡುತ್ತಿದ್ದುದು ಬಿಳಿ ಮನೆಗಳಲ್ಲಿ. ಇವಳ ರಾಜ ಪಕ್ಕದಲ್ಲೇ, ಜಿ8ರಲ್ಲಿ ಇತ್ತು. ಮೂಲೆಗೆ ಹೋಗುವುದು, ಪಕ್ಕಕ್ಕೆ ಬರುವುದು, ಮತ್ತೆ ಮೂಲೆಗೆ ಹೋಗುವುದು, ಅಷ್ಟೇ ಕೆಲಸ. ಕಪ್ಪು ಮೂಲೆಯಿಂದ ರಾಜನನ್ನು ಎಬ್ಬಿಸಲು ಬಿಳಿ ಮನೆಯ ಒಂಟೆಗೆ ಸಾಧ್ಯವೇ ಇಲ್ಲ. ತೀರಾ ಒತ್ತಿದರೆ ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲ, ಆದರೆ ಆಡಲು ನಡೆಯೂ ಇಲ್ಲ, ಅದೂ ಡ್ರಾ. ಅರ್ಧ ಅಂಕ ಸುಮ್ನೆ ಹೋಯಿತು.

'ಯಾಕಮ್ಮ ಬಿಟ್ಟೆ?' ಎಂದು ಕೇಳಿದೆ. 'ಎರಡು ಕಾಯಿ ಕಡಿಮೆ ಆದರೆ ಎಳೀಬೇಡ, ಮುಂದಿನ ಸುತ್ತಿಗೆ ಶಕ್ತಿ ಉಳಿಸಿಕೋ ಅಂತ ಸರ್ ಹೇಳಿದ್ದಾರೆ ತಾತ' ಅಂದಳು. ಆ ಸರ್ ಒಳ್ಳೆಯವರೇ, ದಾಳಿ ಚೆನ್ನಾಗಿ ಕಲಿಸುತ್ತಾರೆ. ಆದರೆ ಒಂಬತ್ತು ವರ್ಷದ ಮಗುವಿನ ಶಕ್ತಿ ಉಳಿಸುವುದೇನು ಬಂತು? ಮನೆಗೆ ಬಂದ ಮೇಲೆ ರಾತ್ರಿ ಹತ್ತರವರೆಗೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿದಳು.

ಅವತ್ತೇ ಅವಳಿಗೆ ಒಂದು ಹಳೆಯ ಆಟ ತೋರಿಸಿದೆ. 1963–64ರ ಅಮೆರಿಕ ಚಾಂಪಿಯನ್‌ಷಿಪ್, ನ್ಯೂಯಾರ್ಕ್. ಬಾಬಿ ಫಿಷರ್ ಹನ್ನೊಂದಕ್ಕೆ ಹನ್ನೊಂದೂ ಗೆದ್ದ ಕೂಟ ಅದು. ಹಾಗಾಗಿ ಉಳಿದವರ ಆಟಗಳು ಜನಕ್ಕೆ ಜಾಸ್ತಿ ನೆನಪಿಲ್ಲ. ಅಲ್ಲಿ ಲ್ಯಾರಿ ಇವಾನ್ಸ್‌ಗೆ ಎದುರಾಗಿದ್ದವರು ಸ್ಯಾಮ್ಯುಯೆಲ್ ರೆಷೆವ್‌ಸ್ಕಿ. ಇವಾನ್ಸ್‌ಗೆ ಒಂದು ಕುದುರೆ ಕಡಿಮೆ. 47ನೇ ನಡೆಯಲ್ಲಿ ಅವರು ಎಚ್ ಪದಾತಿಯನ್ನು ಮುಂದೆ ತಳ್ಳಿದರು. ಏನೂ ತೋಚದವರು ಆಡಿದ ಹಾಗೆ ಕಾಣುವ ನಡೆ. ಆದರೆ ಅದರಿಂದ ಆ ಪದಾತಿಯೂ ಎದುರಿನ ಪದಾತಿಗೆ ಮುಖ ಕೊಟ್ಟು ನಿಂತುಬಿಟ್ಟಿತು, ಇನ್ನು ಅಲ್ಲಾಡುವ ಹಾಗಿಲ್ಲ. ರೆಷೆವ್‌ಸ್ಕಿ ಆನೆಯಿಂದ ಚೆಕ್ ಕೊಟ್ಟರು, ಇವಾನ್ಸ್ ರಾಜ ಮೂಲೆ ಸೇರಿತು. ಆಗ ರೆಷೆವ್‌ಸ್ಕಿ ರಾಣಿಯನ್ನು ತಮ್ಮ ರಾಜನ ಪಕ್ಕಕ್ಕೆ ತಂದಿದ್ದರೆ ಗೆದ್ದೇ ಬಿಡುತ್ತಿದ್ದರು. ತರಲಿಲ್ಲ. ಜಿ3ರಲ್ಲಿದ್ದ ಪದಾತಿ ಪುಕ್ಕಟೆ ಸಿಕ್ಕಿತೆಂದು ರಾಣಿಯಿಂದ ಹೊಡೆದರು.

ಈಗ ಇವಾನ್ಸ್ ತಮ್ಮ ರಾಣಿಯನ್ನು ನೇರ ರೆಷೆವ್‌ಸ್ಕಿಯ ಕಪ್ಪು ರಾಜನ ಬಾಯಿಗೆ ಇಟ್ಟರು, ಚೆಕ್! ತಿನ್ನದೆ ವಿಧಿಯಿಲ್ಲ. ಮುಂದಿನ ನಡೆಗೆ ಆನೆಯೂ ಪದಾತಿ ಹೊಡೆದು ಚೆಕ್. ಆ ಆನೆಯನ್ನು ರಾಜ ತಿಂದರೂ ಸ್ಟೇಲ್‌ಮೇಟ್, ರಾಣಿ ತಿಂದರೂ ಸ್ಟೇಲ್‌ಮೇಟ್. ತಿನ್ನದೆ ಓಡಿದರೆ ಆನೆ ಆ ಸಾಲಿನುದ್ದಕ್ಕೂ ಚೆಕ್ ಕೊಡುತ್ತಲೇ ಇರುತ್ತದೆ. 50 ನಡೆಗೆ ಡ್ರಾ. ರೆಷೆವ್‌ಸ್ಕಿ ಎಂಟನೇ ವಯಸ್ಸಿಗೇ ಏಕಕಾಲಕ್ಕೆ ಹಲವು ದೊಡ್ಡವರ ಜೊತೆ ಆಡಿ ಹೆಸರು ಮಾಡಿದವರು. ಅಂಥವರೇ ಒಂದು ಪದಾತಿಯ ಆಸೆಗೆ ಬಿದ್ದರು. ಮೊಮ್ಮಗಳು ಆನೆಯನ್ನು ಎಲ್ಲೆಲ್ಲಿ ಇಟ್ಟರೂ ಸಾಯಲ್ವಲ್ಲ ತಾತ ಎಂದು ಐದಾರು ಸಲ ಆಡಿಸಿದಳು.

ಸುದ್ದಿಯಲ್ಲೂ ಡ್ರಾ ಅಂದರೆ ಅರ್ಧ ಸಾಲು. 2016ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ ವಿರುದ್ಧ ಕರ್ಯಾಕಿನ್ ಮೂರನೇ ಆಟವನ್ನು 78 ನಡೆ, ನಾಲ್ಕನೆಯದನ್ನು 94 ನಡೆ ಹಲ್ಲುಕಚ್ಚಿ ಉಳಿಸಿಕೊಂಡರು. 2024ರಲ್ಲಿ ಸಿಂಗಪುರದಲ್ಲಿ ಅದೇ ಪಟ್ಟಕ್ಕೆ ನಮ್ಮ ಗುಕೇಶ್ ಎದುರು ಡಿಂಗ್ ಲಿರೆನ್ ಏಳನೇ ಆಟವನ್ನು ಐದು ಗಂಟೆಗೂ ಹೆಚ್ಚು ಹೊತ್ತು, 72 ನಡೆಯವರೆಗೆ ಕಾದರು. ಗುಕೇಶ್ ಗೆದ್ದ ಕೊನೆಯ ಆಟ ಎಲ್ಲರ ಬಾಯಲ್ಲಿದೆ, ಇರಲಿ, ನಾನೂ ಅವತ್ತು ಪೇಡ ಹಂಚಿದವನೇ. ಆದರೆ ಆ ಏಳನೇ ಆಟ ಗೆದ್ದ ಆಟಕ್ಕಿಂತ ಏನು ಕಡಿಮೆ?

ಈಗ ಮನೆಯಲ್ಲಿ ಪ್ರತಿದಿನ ಒಂದು ಸೋತ ಸ್ಥಿತಿ ಇಡುತ್ತೇನೆ. ಗೆಲ್ಲುವ ಕಡೆ ನಾನು, ಉಳಿಸುವ ಕಡೆ ಅವಳು. ಕಾಯಿ ಕಡಿಮೆ ಇದ್ದಾಗ ಪದಾತಿಗೆ ಪದಾತಿ ಕೊಡು, ಬೇರೆ ಕಾಯಿ ಕೊಡಬೇಡ ಎಂಬುದಷ್ಟೇ ನಾನು ಹೇಳಿಕೊಟ್ಟದ್ದು. ಎದುರಿನವರಿಗೆ ಯಾವುದನ್ನು ತಿನ್ನಲು ಆಸೆಯಾಗುತ್ತದೆ ಎಂದು ಹುಡುಕುವುದು ಅವಳೇ ಕಂಡುಕೊಂಡ ಕಳ್ಳಬುದ್ಧಿ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ತಿಂಗಳಿಗೊಂದು ಭಾನುವಾರ 'ಆಡಿ, ಡ್ರಾ ಮಾಡಿ' ಎಂಬ ಒಗಟು ಹಾಕಿ. ಮೊದಲನೆಯದಕ್ಕೆ ರಿಚರ್ಡ್ ರೇಟಿ 1921ರಲ್ಲಿ ಕಟ್ಟಿದ್ದು ಇದೆ, ಬರೀ ನಾಲ್ಕು ಕಾಯಿ. ಬಿಳಿ: ರಾಜ ಎಚ್8, ಪದಾತಿ ಸಿ6. ಕಪ್ಪು: ರಾಜ ಎ6, ಪದಾತಿ ಎಚ್5. ಬಿಳಿಯ ಸರದಿ. ಕಪ್ಪು ಪದಾತಿಯನ್ನು ಹಿಡಿಯಲು ಬಿಳಿ ರಾಜನಿಗೆ ಎರಡು ನಡೆ ಕಡಿಮೆ, ತನ್ನ ಪದಾತಿಯೂ ದೂರ. ಆದರೂ ಡ್ರಾ ಆಗುತ್ತದೆ. ಉತ್ತರವನ್ನು ಮಾತ್ರ ಅದೇ ದಿನ ಒಳಪುಟದಲ್ಲಿ ತಲೆಕೆಳಗಾಗಿ ಹಾಕಬೇಡಿ. ಇವಳು ಪೇಪರ್ ತಿರುಗಿಸಿಬಿಡುತ್ತಾಳೆ.

– ನಿವೃತ್ತ ಬಸ್ ನಿರ್ವಾಹಕ, ಅರಸೀಕೆರೆ