ಗೊಂಬೆಯ ಎದೆ ಏಳಬೇಕು

ಶನಿವಾರಸಂತೆ
ಆಷಾಢ, ಭಾನುವಾರ

ಪ್ರೀತಿಯ ಮಗಳೇ,

ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಉಸಿರು ಕೊಡುವುದು ಹೇಗೆಂದು ಲೇಬರ್ ರೂಮಿನವರಿಗೆಲ್ಲ ಇನ್ನು ಮುಂದೆ ನೀನೇ ತರಬೇತಿ ಕೊಡಬೇಕಂತೆ, ಕೇಳಿ ತುಂಬ ಸಂತೋಷವಾಯಿತು. ಆದರೆ ಒಂದು ಶನಿವಾರ ಎಲ್ಲರನ್ನೂ ಕೂರಿಸಿ, ಸ್ಲೈಡ್ ತೋರಿಸಿ, ಊಟ ಹಾಕಿಸಿ ಮುಗಿಸಿಬಿಡುತ್ತೇನೆ ಎಂದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2009ರಲ್ಲಿ ಸರ್ಕಾರ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಶುರು ಮಾಡಿತು. ಎರಡು ದಿನದ ತರಬೇತಿ. ಆಮೇಲೆ ನಮ್ಮ ಸರದಿ ಬಂದಾಗ ನಾನೂ ಹೋಗಿ ಬಂದೆ. ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರ ಬರೆದಿದ್ದೆ. ಎಂಟು ತಿಂಗಳಾಗಿರಬೇಕು, ಇಂಥದೇ ಮಳೆಯ ಒಂದು ರಾತ್ರಿ ತೋಟದ ಲೈನ್ ಮನೆಯಿಂದ ಒಬ್ಬಳನ್ನು ಜೀಪಿನಲ್ಲಿ ಕರೆತಂದರು. ಚೊಚ್ಚಲ ಹೆರಿಗೆ. ಮಗು ಹುಟ್ಟಿತು, ಅಳಲಿಲ್ಲ. ಒರೆಸಿದೆ. ಬಾಯಿ ಮೂಗಿನ ನೀರು ಎಳೆಯಲು ಸಕ್ಷನ್ ಪೈಪು ಹಾಕಿದೆ, ಮತ್ತೆ ಹಾಕಿದೆ. ಕೈಯಿಂದ ಒತ್ತಿ ಮಗುವಿಗೆ ಉಸಿರು ಕೊಡುವ ಆಂಬು ಬ್ಯಾಗ್ ಬೀರುವಿನೊಳಗೆ, ಕೀ ಇನ್ಯಾರದೋ ಹತ್ತಿರ. ಅದು ಸಿಕ್ಕ ಮೇಲೆ ಮಾಸ್ಕ್ ಇಟ್ಟು ಒತ್ತಿದೆ, ಒತ್ತಿದೆ. ಗಾಳಿಯೆಲ್ಲ ಕೆನ್ನೆಯ ಪಕ್ಕದಿಂದ ಸೋರುತ್ತಿತ್ತು. ಎದೆ ಏಳುತ್ತಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದದ್ದೇ ತಡವಾಗಿ.

ಆ ಮಗು ಉಳಿಯಲಿಲ್ಲ. ರಿಜಿಸ್ಟರಿನಲ್ಲಿ ಸತ್ತು ಹುಟ್ಟಿದ ಮಗು ಎಂದು ಬರೆದೆವು. ಸತ್ತು ಹುಟ್ಟಿರಲಿಲ್ಲ ಮಗಳೇ. ಹೊಕ್ಕುಳಬಳ್ಳಿಯ ಬುಡ ಹಿಡಿದಾಗ ನಾಡಿ ನಿಧಾನವಾಗಿ ಬಡಿಯುತ್ತಿದ್ದದ್ದು ನನ್ನ ಬೆರಳಿಗೆ ಇವತ್ತಿಗೂ ನೆನಪಿದೆ. ನನಗೆ ಏನು ಮಾಡಬೇಕೆಂದು ಗೊತ್ತಿತ್ತು. ಕೈ ಮರೆತಿತ್ತು.

ನೀನೇ ಲೆಕ್ಕ ಹಾಕು. ನೂರು ಮಕ್ಕಳು ಹುಟ್ಟಿದರೆ ಹತ್ತಕ್ಕೆ ಉಸಿರಾಡಲು ಏನಾದರೂ ಸಹಾಯ ಬೇಕಾಗುತ್ತದೆ. ಅದರಲ್ಲೂ ಎಷ್ಟೋ ಮಕ್ಕಳು ಚೆನ್ನಾಗಿ ಒರೆಸಿ ಬೆನ್ನು ತಿಕ್ಕಿದರೆ ಅಳುತ್ತವೆ. ಬ್ಯಾಗ್ ಬೇಕಾಗುವುದು ಐದರ ಆಸುಪಾಸು ಮಕ್ಕಳಿಗೆ. ನಮ್ಮಂಥ ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ನರ್ಸಿನ ಪಾಲಿಗೆ ವರ್ಷಕ್ಕೆ ಎಷ್ಟು ಸಲ ಬಂದೀತು? ವರ್ಷಕ್ಕೆ ನಾಲ್ಕು ಸಲ ತಟ್ಟಿದರೆ ಅಕ್ಕಿ ರೊಟ್ಟಿಯೂ ದುಂಡಗೆ ಬರುವುದಿಲ್ಲ.

ತರಬೇತಿಯಿಂದ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೆಳಗಾವಿ ಕಡೆಯೇ 599 ಮಂದಿ ಹೆರಿಗೆ ಮಾಡಿಸುವವರಿಗೆ ಇದನ್ನು ಕಲಿಸಿ ನೋಡಿದರು. 2013ರಲ್ಲಿ ವರದಿ ಬಂತು. ಸತ್ತು ಹುಟ್ಟಿದವು ಎಂದು ಬರೆಯುತ್ತಿದ್ದ ಮಕ್ಕಳು ನೂರಕ್ಕೆ 3 ಇದ್ದದ್ದು 2.3ಕ್ಕೆ ಇಳಿಯಿತು. ನನ್ನ ಆ ಮಗುವಿನಂಥವೇ ಅದರಲ್ಲಿ ಎಷ್ಟೋ ಇದ್ದಿರಬೇಕು. ಆದರೆ ಟಾಂಜಾನಿಯಾದ ಹೇಡಮ್ ಎಂಬ ಊರಿನ ಆಸ್ಪತ್ರೆಯ ಕಥೆಯನ್ನು ನೀನು ಮುಖ್ಯವಾಗಿ ಗಮನಿಸಬೇಕು. ಅಲ್ಲಿ 2010ರಲ್ಲಿ ನಿನ್ನ ಹಾಗೆಯೇ ಒಂದು ದಿನದ ತರಬೇತಿ ಕೊಟ್ಟರು. ಅಭ್ಯಾಸಕ್ಕೆಂದೇ ಇರುವ ಮಗುವಿನ ಗೊಂಬೆಯ ಮೇಲೆ ಎಲ್ಲರೂ ಚೆನ್ನಾಗಿ ಮಾಡಿ ತೋರಿಸಿದರು. ಲೇಬರ್ ರೂಮಿನಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಆಮೇಲೆ ಅಲ್ಲಿಯೇ, ಕೆಲಸದ ಜಾಗದಲ್ಲೇ, ಸ್ವಲ್ಪ ಸ್ವಲ್ಪ ಹೊತ್ತಿನ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿಸಿದರು. ಮೊದಲ 24 ಗಂಟೆಯಲ್ಲಿ ಸಾಯುತ್ತಿದ್ದ ಮಕ್ಕಳು ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿದರು.

ಅದಕ್ಕೇ ಹೇಳುತ್ತೇನೆ, ಗೊಂಬೆಯನ್ನು ಬೀರುವಿನಲ್ಲಿ ಇಡಬೇಡ. ಮಗುವನ್ನು ಬೆಚ್ಚಗಿಡುವ ವಾರ್ಮರಿನ ಪಕ್ಕದಲ್ಲೇ ಇರಲಿ. ಡ್ಯೂಟಿ ಬದಲಾಗುವಾಗ ಹತ್ತು ನಿಮಿಷ ಸಾಕು. ಹೋಗುವವರೊಬ್ಬರು, ಬರುವವರೊಬ್ಬರು. ಒಬ್ಬರು ಮಾಡಲಿ, ಇನ್ನೊಬ್ಬರು ಗಡಿಯಾರ ನೋಡಲಿ. ಒಂದು ನಿಮಿಷದೊಳಗೆ ಮಗು ಉಸಿರಾಡುತ್ತಿರಬೇಕು, ಇಲ್ಲ ಅಂದ್ರೆ ನಾವು ಬ್ಯಾಗಿನಲ್ಲಿ ಉಸಿರು ಕೊಡುತ್ತಿರಬೇಕು. ಹುಟ್ಟಿದ ಮಗು ಹೇಗಿದೆ ಎಂದು ನೋಡಿ ಕೊಡುವ ಎಪ್ಗಾರ್ ಅಂಕ ಹಾಕಲು ಕಾಯುತ್ತಾ ನಿಲ್ಲುವವರನ್ನು ನಾನು ನೋಡಿದ್ದೇನೆ. ಅದು ಬರೆದಿಡಲು ಇರುವುದು.

ಗೊಂಬೆಯ ಎದೆ ಎದ್ದಿತಾ ಎಂದು ಪ್ರತಿ ಸಲ ಕೇಳು. ಬೇರೆ ಎಲ್ಲಕ್ಕಿಂತ ಜಾಸ್ತಿ ಇದನ್ನೇ ಕೇಳು. ಹೊಟ್ಟೆಯೊಳಗಿದ್ದಾಗ ಮಗುವಿನ ಶ್ವಾಸಕೋಶದ ತುಂಬ ನೀರು. ಆ ನೀರನ್ನು ತಳ್ಳಿ ಗಾಳಿ ಒಳಗೆ ಹೋದರೆ ಹೃದಯ ತಾನಾಗಿಯೇ ಚುರುಕಾಗುತ್ತದೆ. ಎದೆ ಏಳದಿದ್ದರೆ ಎಷ್ಟು ಒತ್ತಿದರೂ ಸುಮ್ನೆ. ಮಾಸ್ಕ್ ಸರಿಯಾಗಿ ಕೂರಿಸಬೇಕು, ತಲೆಯನ್ನು ಸ್ವಲ್ಪವೇ ಹಿಂದಕ್ಕೆ ಬಾಗಿಸಬೇಕು, ಬಾಯಲ್ಲಿ ಏನಾದರೂ ಇದ್ದರೆ ತೆಗೆದು ಬಾಯಿ ತೆರೆಯಬೇಕು, ಆಮೇಲೂ ಏಳದಿದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತಬೇಕು. "ಉಸಿರು, ಎರಡು, ಮೂರು" ಎಂದು ಜೋರಾಗಿ ಎಣಿಸುತ್ತಾ ಒತ್ತಿಸು. ನಿಮಿಷಕ್ಕೆ 40ರಿಂದ 60 ಬರುತ್ತದೆ. ಗಾಬರಿಯಲ್ಲಿ ಕೈ ಓಡುತ್ತದೆ, ಎಣಿಕೆ ಅದನ್ನು ಹಿಡಿಯುತ್ತದೆ.

ಸಕ್ಷನ್ ವಿಷಯದಲ್ಲಿ ಹಳಬರು ನಿನ್ನ ಮಾತು ಕೇಳುವುದಿಲ್ಲ. ನಾವೆಲ್ಲ ಕಲಿತದ್ದೇ ಹಾಗೆ. ಎಲ್ಲ ಮಕ್ಕಳಿಗೂ ಹಾಕಬೇಕಿಲ್ಲ, ಗಂಟಲಿನ ಆಳಕ್ಕೆ ಪೈಪು ಹೋದರೆ ಹೃದಯದ ಬಡಿತವೇ ಇಳಿಯುತ್ತದೆ ಎಂದು ಸಮಾಧಾನವಾಗಿ ಹೇಳು. ಎದುರು ವಾದಿಸಬೇಡ. ಗೊಂಬೆಯ ಮೇಲೆ ಮಾಡಿಸಿ, ಗಡಿಯಾರ ತೋರಿಸು. ಸಕ್ಷನ್‌ಗೆ ಎಷ್ಟು ಸೆಕೆಂಡು ಹೋಯಿತೆಂದು ಅವರೇ ನೋಡಲಿ.

ಆಯಾನನ್ನೂ ಸೇರಿಸಿಕೋ. ರಾತ್ರಿ ಪಾಳಿಯಲ್ಲಿ ನಿನ್ನ ಪಕ್ಕ ಇರುವುದು ಅವಳೇ. ಡಾಕ್ಟರರೂ ಒಂದು ಸಲ ಗೊಂಬೆ ಮುಟ್ಟಲಿ, ಆಗ ಉಳಿದವರಿಗೆ ನಾಚಿಕೆ ಇರುವುದಿಲ್ಲ. ಯಾರನ್ನೂ ನಾಲ್ಕು ಜನರೆದುರು ಬೈಯಬೇಡ. ಬೈಸಿಕೊಂಡವರು ಆಮೇಲೆ ಗೊಂಬೆಯ ಹತ್ತಿರವೂ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮ ಮಳೆಗಾಲದ ಚಳಿ ನಿನಗೆ ಗೊತ್ತೇ ಇದೆ. ಹೆರಿಗೆ ಕೋಣೆ 25 ಡಿಗ್ರಿಯಾದರೂ ಇರಬೇಕು. ಕರೆಂಟು ಹೋದರೆ ವಾರ್ಮರ್ ಸತ್ತ ಹಾಗೆ. ಬೆಚ್ಚಗಿನ ಒಣ ಬಟ್ಟೆ ಎರಡು, ಟೋಪಿ ಒಂದು ಯಾವಾಗಲೂ ರೆಡಿ ಇರಲಿ. ಕತ್ತಲಲ್ಲಿ ಬ್ಯಾಗ್ ಹುಡುಕುವುದನ್ನೂ ಒಂದು ದಿನ ಅಭ್ಯಾಸ ಮಾಡಿಸು. ಟಾರ್ಚ್ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿರಲಿ.

ಈ ಪತ್ರ ಸಿಕ್ಕ ದಿನ ಡ್ಯೂಟಿಗೆ ಹೋದ ಕೂಡಲೇ ಬ್ಯಾಗ್ ತೆಗೆದು, ಮಾಸ್ಕಿನ ಬಾಯನ್ನು ಅಂಗೈಯಿಂದ ಮುಚ್ಚಿ ಒತ್ತಿ ನೋಡು. ಒತ್ತಡ ಕೈಗೆ ತಾಗುತ್ತದೋ ಇಲ್ಲವೋ, ಸೊನ್ನೆ ಮತ್ತು ಒಂದನೇ ನಂಬರಿನ ಮಾಸ್ಕ್ ಎರಡೂ ಅಲ್ಲಿವೆಯೋ ಇಲ್ಲವೋ, ರಾತ್ರಿ ಫೋನ್ ಮಾಡಿ ಹೇಳು. ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ