ಪಾಪುವನ್ನು ಎತ್ತಿಕೋ, ಪುಟ್ಟಿಯ ಪಕ್ಕ ನಿಲ್ಲು

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದಗಳು. ನಾವಿಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರ ತಲುಪಿತು. ಅತ್ತಾಗಲೆಲ್ಲ ಎತ್ತಿಕೊಂಡರೆ ಪಾಪುಗೆ ಅದೇ ಅಭ್ಯಾಸವಾಗಿಬಿಡುತ್ತದೆ ಅಂತ ಬಂದವರೆಲ್ಲ ಹೇಳುತ್ತಿದ್ದಾರೆ, ನಿಜವಾ ಅಂತ ಕೇಳಿದ್ದೀಯ. ನಾಯಿ ಬೊಗಳಿದರೆ ಸಾಕು, ಪುಟ್ಟಿ ಹೌಹಾರಿ ನಿನ್ನ ಮೈಮೇಲೆ ಹತ್ತುತ್ತಾಳೆ, ನಾನೇ ಮುದ್ದು ಮಾಡಿ ಕೆಡಿಸಿದೆನಾ ಅಂತಲೂ ಬರೆದಿದ್ದೀಯ. ಎರಡಕ್ಕೂ ಉತ್ತರ ಬೇರೆ ಬೇರೆ. ಪಾಪುವನ್ನು ಧಾರಾಳವಾಗಿ ಎತ್ತಿಕೋ. ನಾಲ್ಕು ವರ್ಷದ ಪುಟ್ಟಿಯನ್ನು ಮಾತ್ರ ಹೆದರಿದ ಕೂಡಲೇ ಎತ್ತಬೇಡ, ಪಕ್ಕದಲ್ಲಿ ನಿಂತುಕೋ. ಒಂದೇ ಕೆಲಸ ಒಂದು ವಯಸ್ಸಿಗೆ ಔಷಧ, ಇನ್ನೊಂದು ವಯಸ್ಸಿಗೆ ಭಯಕ್ಕೆ ಹಾಕಿದ ಗೊಬ್ಬರ. ಶಿಶು ವಿಭಾಗದಲ್ಲಿ ನಾವು ತಾಯಂದಿರಿಗೆ ಹೇಳಿಕೊಡುವುದೂ ಇದನ್ನೇ. ಪತ್ರ ಉದ್ದವಾಗುತ್ತದೆ, ಪಾಪು ಮಲಗಿದಾಗ ಸ್ವಲ್ಪ ಸ್ವಲ್ಪವೇ ಓದು.

ಮೊದಲು ಪಾಪು. 7 ವಾರ ಮುಂಚೆ ಹುಟ್ಟಿದವನು, ಇನ್ನೂ 2 ಕೆ.ಜಿ. ಮುಟ್ಟಿಲ್ಲ. ಡಾಕ್ಟರ್ ಹೇಳಿದ ಕಾಂಗರೂ ಆರೈಕೆಯನ್ನು, ಅಂದರೆ ಮಗುವನ್ನು ಬರಿ ಎದೆಗೆ ಕಟ್ಟಿಕೊಂಡು ಬೆಚ್ಚಗಿಡುವುದನ್ನು, ದಿನಕ್ಕೆ ಅರ್ಧ ಗಂಟೆಯ ಶಾಸ್ತ್ರ ಅಂದುಕೊಂಡಿರುವ ಹಾಗೆ ಕಾಣುತ್ತದೆ. ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 8ರಿಂದ 24 ಗಂಟೆ, ಆದಷ್ಟೂ ಹೆಚ್ಚು. ಒಂದು ಸಲ ಕಟ್ಟಿಕೊಂಡರೆ ಕನಿಷ್ಠ ಒಂದು ಗಂಟೆ ಬಿಚ್ಚಬೇಡ. ಪದೇ ಪದೇ ಎತ್ತಿ ಇಳಿಸಿದರೆ ಇಷ್ಟು ಸಣ್ಣ ಮಗುವಿಗೆ ಆಯಾಸವೇ ಹೆಚ್ಚು; ನಿದ್ದೆಯ ಒಂದು ಸುತ್ತು ಮುಗಿಯುವುದಕ್ಕೂ ಅಷ್ಟು ಹೊತ್ತು ಬೇಕು.

ಕ್ರಮ ಹೀಗೆ. ಪಾಪುಗೆ ಡೈಪರ್, ಟೋಪಿ, ಕಾಲುಚೀಲ ಇಷ್ಟೇ ಇರಲಿ. ನಿನ್ನ ಎರಡು ಸ್ತನಗಳ ನಡುವೆ ನೆಟ್ಟಗೆ, ಎದೆಗೆ ಎದೆ ತಾಗುವಂತೆ ಇಟ್ಟುಕೋ. ಕಾಲುಗಳು ಕಪ್ಪೆಯ ಹಾಗೆ ಮಡಿಚಿ ಅಗಲವಾಗಿರಲಿ, ಕೈಗಳೂ ಮಡಿಚಿರಲಿ. ತಲೆ ಒಂದು ಪಕ್ಕಕ್ಕೆ ತಿರುಗಿ, ಗದ್ದ ತುಸು ಮೇಲಕ್ಕಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಗದ್ದ ಎದೆಗೆ ಬಾಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ತಲೆ ತೀರಾ ಹಿಂದಕ್ಕೆ ವಾಲಿದರೂ ಅದೇ ತೊಂದರೆ. ಕಟ್ಟುವ ಬಟ್ಟೆಯ ಮೇಲಂಚು ಅವನ ಕಿವಿಯ ಕೆಳಗೆ ಬರಲಿ. ಎದೆಯ ಹತ್ತಿರ ಬಿಗಿ, ಹೊಟ್ಟೆಯ ಹತ್ತಿರ ಸಡಿಲ; ಉಸಿರಾಡುವಾಗ ಅವನ ಹೊಟ್ಟೆ ಏಳಬೇಕು, ಇಳಿಯಬೇಕು. ನೀನು ದಿಂಬಿಗೆ ಒರಗಿ ಅರ್ಧ ಕುಳಿತ ಹಾಗೆ ಇರು. ಸೋಫಾದಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ತೂಕಡಿಸುವುದು ಮಾತ್ರ ಬೇಡವೇ ಬೇಡ, ಸಂದಿಯಲ್ಲಿ ಮೂಗು ಮುಚ್ಚಿಹೋಗುವುದು ಅಲ್ಲೇ. ಇಳಿಸಿದಾಗ ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸು. ಪಾದ ಮುಟ್ಟಿ ನೋಡುತ್ತಿರು, ತಣ್ಣಗಿದ್ದರೆ ಕಂಕುಳಲ್ಲಿ ಥರ್ಮಾಮೀಟರ್ ಇಡು. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 97.7ರಿಂದ 99.5 ಫ್ಯಾರನ್‌ಹೀಟ್ ಇರಬೇಕು. ಅದಕ್ಕಿಂತ ಕೆಳಗಿದ್ದು ಒಂದು ಗಂಟೆ ಎದೆಗಿಟ್ಟುಕೊಂಡರೂ ಏರದಿದ್ದರೆ, ಹಾಲು ಕುಡಿಯಲು ಒಲ್ಲೆ ಅಂದರೆ, ಉಸಿರು ನಡುನಡುವೆ ನಿಂತರೆ ಕಾಯುತ್ತಾ ಕೂರಬೇಡ, ಆಸ್ಪತ್ರೆಗೆ ಹೊರಡು. ಸುಮಾರು 2.5 ಕೆ.ಜಿ. ಆಗುವ ಹೊತ್ತಿಗೆ ಅವನೇ ಒದ್ದಾಡಿ ಹೊರಗೆ ಬರಲು ನೋಡುತ್ತಾನೆ, ಆಗ ನಿಲ್ಲಿಸಿದರಾಯಿತು. ನಿನಗೆ ಸ್ನಾನ, ಊಟ, ನಿದ್ದೆ ಬೇಕಲ್ಲ, ಆ ಹೊತ್ತಿಗೆ ಅವನ ಅಪ್ಪ ಕಟ್ಟಿಕೊಳ್ಳಲಿ. ಎದೆಯ ಬಿಸಿ ಗಂಡಸಿಗೂ ಇರುತ್ತದೆ.

ಕಾಂಗರೂ ಆರೈಕೆ ಶುರುವಾದದ್ದು 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಡಬ್ಬಿ, ಅಂದರೆ ಇನ್‌ಕ್ಯುಬೇಟರ್ ಸಾಲದೆ, ಇದ್ದವುಗಳಲ್ಲಿ ಸೋಂಕು ಹರಡಿ ಮಕ್ಕಳು ಸಾಯುತ್ತಿದ್ದಾಗ ಎಡ್ಗರ್ ರೇ ಎಂಬ ವೈದ್ಯರು ತಾಯಂದಿರ ಎದೆಯನ್ನೇ ಇನ್‌ಕ್ಯುಬೇಟರ್ ಮಾಡಿದರು. ಹೀಗೆ ಬೆಳೆದ ಮಕ್ಕಳನ್ನು ಅಲ್ಲಿನವರು 20 ವರ್ಷ ಆದ ಮೇಲೆ ಮತ್ತೆ ಹುಡುಕಿ ನೋಡಿದರು, ವರದಿ 2017ರಲ್ಲಿ ಬಂತು. ಮಾಮೂಲಿ ಆರೈಕೆಯಲ್ಲಿ ಬೆಳೆದವರಿಗಿಂತ ಇವರಲ್ಲಿ ಶಾಲೆ ತಪ್ಪಿಸುವುದು, ಚಡಪಡಿಕೆ, ಜಗಳಗಂಟಿತನ ಕಡಿಮೆ ಇತ್ತು. ಅವರ ಮನೆಗಳೂ ಮಕ್ಕಳ ಬಗ್ಗೆ ಹೆಚ್ಚು ಮುತುವರ್ಜಿಯಿಂದ ನಡೆದಿದ್ದವು. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಈ ಕೊನೆಯದೇ. ಗಾಜಿನ ಡಬ್ಬಿಯಲ್ಲಿರುವ ಮಗುವನ್ನು ಮುಟ್ಟಲು ಹೆದರುವ ತಾಯಿ, ಎದೆಗೆ ಕಟ್ಟಿಕೊಂಡ ಕೆಲವೇ ದಿನಗಳಲ್ಲಿ ಅದರ ಉಸಿರು ಬದಲಾದರೆ ನರ್ಸ್‌ಗಿಂತ ಮೊದಲು ಹೇಳುತ್ತಾಳೆ. ತಾಯಿಯ ಧೈರ್ಯವೂ ಅಲ್ಲಿಂದಲೇ ಕುದುರುವುದು.

ಅಳುವಿನ ಲೆಕ್ಕ ಕೇಳು. ಯಾವ ಮಗುವೂ ಸುಮಾರು 6 ವಾರಕ್ಕೆ ಅತಿ ಹೆಚ್ಚು ಅಳುತ್ತದೆ, ಆಮೇಲೆ ಇಳಿಯುತ್ತಾ 3–4 ತಿಂಗಳಿಗೆ ತಹಬಂದಿಗೆ ಬರುತ್ತದೆ. ಮುಂಚೆ ಹುಟ್ಟಿದವರಿಗೆ ಈ 6 ವಾರವನ್ನು ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ತಾರೀಖಿನಿಂದ ಎಣಿಸಬೇಕು. ಅಂದರೆ ನಿನ್ನ ಪಾಪುಗೆ ಹೆಚ್ಚಿನ ಅಳು ಬರುವುದು ಹುಟ್ಟಿದ ಸುಮಾರು 13 ವಾರಕ್ಕೆ. ನಿನ್ನ ಮುಖ ನೋಡಿ ನಗುವುದೂ ಆಸುಪಾಸಿನಲ್ಲೇ. ಮೂರು ತಿಂಗಳಾದರೂ ನಗುತ್ತಿಲ್ಲ ಅಂತ ಯಾರಾದರೂ ಅಂದರೆ ಈ ಲೆಕ್ಕ ಹೇಳು. ಈ ತಿಂಗಳುಗಳಲ್ಲಿ ಎತ್ತಿಕೊಂಡು ಮಗುವನ್ನು ಕೆಡಿಸಲು ಸಾಧ್ಯವೇ ಇಲ್ಲ. ಅತ್ತರೆ ಎತ್ತುತ್ತಾರೆ ಅಂತ ಹಂಚಿಕೆ ಹಾಕುವ ಮಿದುಳು ಅವನಿಗಿನ್ನೂ ಬಂದಿಲ್ಲ. ಅವನಿಗೆ ಗೊತ್ತಾಗುವುದು ಕರೆದರೆ ಯಾರೋ ಬರುತ್ತಾರೆ ಅನ್ನುವುದೊಂದೇ, ಅದೂ ನೂರಾರು ಸಲ ಆದ ಮೇಲೆ. ಎಲ್ಲ ಮಾಡಿದರೂ ಅಳು ನಿಲ್ಲದೆ ನಿನ್ನ ಕೈ ನಡುಗುವಷ್ಟು ಸಿಟ್ಟು ಬಂದರೆ, ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಬಾಗಿಲಾಚೆ ಹೋಗಿ ಐದು ಹತ್ತು ನಿಮಿಷ ನಿಂತು ಬಾ. ಅತ್ತು ಏನೂ ಆಗುವುದಿಲ್ಲ. ಕುಲುಕಿದರೆ ಮಾತ್ರ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಇದನ್ನು ಮನೆಯಲ್ಲಿ ಪಾಪುವನ್ನು ಎತ್ತಿಕೊಳ್ಳುವ ಎಲ್ಲರಿಗೂ ಹೇಳು, ನಾಚಿಕೆ ಬೇಡ.

ಆಡಿಸುವಾಗ ಒಂದು ಗಮನ. ಮುಂಚೆ ಹುಟ್ಟಿದ ಮಗು ಬೇಗ ದಣಿಯುತ್ತದೆ. ಬೆರಳು ಅಗಲಿಸುವುದು, ಆಕಳಿಕೆ, ಬಿಕ್ಕಳಿಕೆ, ಮುಖ ತಿರುಗಿಸುವುದು, ಮೈಬಣ್ಣ ಬದಲಾಗುವುದು ಎಲ್ಲವೂ 'ಸಾಕು, ಸ್ವಲ್ಪ ತಾಳು' ಅನ್ನುವ ಮಾತು. ಹೊಸ ತಾಯಂದಿರು ಇದನ್ನೇ ಮಗುವಿಗೆ ನಾನು ಬೇಡ ಅಂತ ಅರ್ಥ ಮಾಡಿಕೊಂಡು ಇನ್ನೂ ಜೋರಾಗಿ ಗಿಲಕಿ ಆಡಿಸುತ್ತಾರೆ, ಮಗು ಅಳುತ್ತದೆ, ತಾಯಿಯೂ ಅಳುತ್ತಾಳೆ. ಸುಮ್ಮನೆ ಅರ್ಧ ನಿಮಿಷ ಕಾದರೆ ಅವನೇ ತಿರುಗಿ ನೋಡುತ್ತಾನೆ. ಆಗ ನಿಧಾನಕ್ಕೆ ಒಂದು ಮಾತಾಡು, ಮತ್ತೆ ಕಾಯಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1978ರಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ಚೆನ್ನಾಗಿ ಆಡಿಸುತ್ತಿದ್ದ ತಾಯಿ ಎರಡು ಮೂರು ನಿಮಿಷ ಯಾವ ಭಾವವೂ ಇಲ್ಲದ ಮುಖ ಮಾಡಿಕೊಂಡು ಕೂರಬೇಕು. ಮಗು ಮೊದಲು ನಗುತ್ತದೆ, ಕೈ ಆಡಿಸಿ ಕರೆಯುತ್ತದೆ, ಆಮೇಲೆ ಮುಖ ತಿರುಗಿಸಿ ಮಂಕಾಗಿ ಕುಗ್ಗುತ್ತದೆ. ಇದನ್ನು ಕೇಳಿ ಪಾಪಪ್ರಜ್ಞೆ ಹಚ್ಚಿಕೊಳ್ಳಬೇಡ. ಅದೇ ಟ್ರಾನಿಕ್ ಇನ್ನೊಂದು ಮಾತೂ ಹೇಳಿದ್ದಾರೆ: ಚೆನ್ನಾಗಿ ಹೊಂದಿಕೊಂಡ ತಾಯಿ ಮಗುವಿನ ನಡುವೆಯೂ ಲಯ ಕೂಡುವುದು ಹೆಚ್ಚು ಕಡಿಮೆ ನೂರಕ್ಕೆ 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಸರಿಹೋಗುವುದು. ಹೀಗೆ ತಪ್ಪಿ ಸರಿಹೋಗುವುದರಿಂದಲೇ ಮಗು ತಾಳ್ಮೆ ಕಲಿಯುತ್ತದೆ. ಹಾಲು ಕುಡಿಸುವಾಗ ಫೋನ್ ಮಾತ್ರ ಪಕ್ಕಕ್ಕಿಡು. ಫೋನ್ ನೋಡುವವರ ಮುಖ ಆ ಪ್ರಯೋಗದ ಮುಖದ ಹಾಗೇ ಇರುತ್ತದೆ.

ಇನ್ನು ನಿನ್ನ ಮಾತು. ಹೆರಿಗೆಯಾದ ಮೂರು ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಹೋಗಬೇಕು. ಅದನ್ನು ದಾಟಿಯೂ ಉಳಿದಿದ್ದರೆ, ಪಾಪು ಮಲಗಿದಾಗಲೂ ನಿನಗೆ ನಿದ್ದೆ ಬಾರದಿದ್ದರೆ, ಅದು ಬರೀ ಸುಸ್ತಲ್ಲ. ಬಾಣಂತಿಯರ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಸಿದ್ಧವಾದ ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ, ಕನ್ನಡದಲ್ಲೂ ಇದೆ. ಕಳೆದ 7 ದಿನದ ಬಗ್ಗೆ 10 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ನೋಡಲೇಬೇಕು, 10ರಿಂದ 12 ಬಂದರೂ ಹೇಳಿಕೊಳ್ಳುವುದು ಒಳ್ಳೆಯದು. ಹತ್ತನೆಯ ಪ್ರಶ್ನೆ ನಿನಗೆ ನೀನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಎಷ್ಟೆಂದು ನೋಡದೆ ಅವತ್ತೇ ಹೋಗು. ಹಾಲೂಡಿಸುತ್ತಾ ತೆಗೆದುಕೊಳ್ಳಬಹುದಾದ ಔಷಧಗಳಿವೆ. 'ನನಗೆ ಆಗುತ್ತಿಲ್ಲ' ಅಂತ ಬಾಯಿಬಿಟ್ಟು ಹೇಳುವ ಧೈರ್ಯ ಎಷ್ಟೋ ತಾಯಂದಿರಿಗೆ ಬರುವುದಿಲ್ಲ, ನಿನಗೆ ಬರಲಿ.

ಈಗ ಪುಟ್ಟಿಯ ವಿಷಯ. ಮುದ್ದಿನಿಂದ ಹೆದರುಪುಕ್ಕಲಾದಳು ಅನ್ನುವುದು ಸುಳ್ಳು. ಜೆರೋಮ್ ಕೇಗನ್ ಎಂಬ ಮನಶ್ಶಾಸ್ತ್ರಜ್ಞರು 4 ತಿಂಗಳ ಶಿಶುಗಳಲ್ಲೇ ಇದನ್ನು ಕಂಡಿದ್ದರು: ಸುಮಾರು ಐದರಲ್ಲೊಂದು ಮಗು ಹೊಸ ಸದ್ದು, ಹೊಸ ಆಟಿಕೆಗೆ ಕೈಕಾಲು ಬಡಿದು ಅಳುತ್ತದೆ. ಅಂಥವು ದೊಡ್ಡವಾದ ಮೇಲೆ ಅಂಜುವುದು ಹೆಚ್ಚು, ಆದರೆ ಎಲ್ಲವೂ ಹಾಗೇ ಉಳಿಯುವುದಿಲ್ಲ. ಪ್ರತಿ ಅಂಜಿಕೆಯಿಂದಲೂ ಕಾಪಾಡುವ ತಾಯಿಯ ಬಳಿ ಅದು ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಎದುರಿಸಲು ಬಿಡುವ ತಾಯಿಯ ಬಳಿ ಸಡಿಲವಾಗುತ್ತದೆ. 1985ರ ಇನ್ನೊಂದು ಪ್ರಯೋಗ ಕೇಳು. ಗಾಜಿನ ಕೆಳಗೆ ಸುಮಾರು 30 ಸೆಂಟಿಮೀಟರ್ ತಗ್ಗು ಕಾಣುವ ಮೇಜು, ಈ ಕಡೆ ಒಂದು ವರ್ಷದ ಮಗು, ಆ ಕಡೆ ತಾಯಿ. ತಾಯಿಯ ಮುಖದಲ್ಲಿ ಖುಷಿ ಇದ್ದಾಗ 19 ಮಕ್ಕಳಲ್ಲಿ 14 ದಾಟಿ ಬಂದವು. ಭಯ ಇದ್ದಾಗ 17ರಲ್ಲಿ ಒಂದೂ ದಾಟಲಿಲ್ಲ.

ನಿನಗೂ ನಾಯಿ ಕಂಡರೆ ಆಗುವುದಿಲ್ಲ ಅನ್ನುವುದು ಮನೆಯಲ್ಲಿ ಯಾರಿಗೆ ಗೊತ್ತಿಲ್ಲ! ನಾಯಿ ಕಂಡಾಗ ನಿನ್ನ ಕೈ ಅವಳ ಕೈಯನ್ನು ಬಿಗಿಯಾಗಿ ಹಿಸುಕುತ್ತದೆ, ಅವಳಿಗೆ ಅಷ್ಟು ಸಾಕು. ನೀನು ಶೂರಳಾಗಬೇಕಿಲ್ಲ. ಹಿಡಿತ ಸಡಿಲಿಸು, ಉಸಿರನ್ನು ಒಳಗೆ ಎಳೆದದ್ದಕ್ಕಿಂತ ಉದ್ದವಾಗಿ ಹೊರಗೆ ಬಿಡು, 'ನನಗೂ ಸ್ವಲ್ಪ ಹೆದರಿಕೆ, ಆದರೂ ಇಲ್ಲೇ ನಿಲ್ತೀನಿ' ಅಂತ ಅವಳಿಗೆ ಕೇಳುವ ಹಾಗೆ ಹೇಳು. ಭಯವೇ ಇಲ್ಲದವರನ್ನು ನೋಡಿದರೆ ಮಗುವಿಗೆ 'ಅದು ಅವರಿಗೆ ಮಾತ್ರ ಆಗುತ್ತದೆ' ಅನ್ನಿಸಿಬಿಡಬಹುದು. ಭಯವಿದ್ದೂ ನಿಂತವರನ್ನು ನೋಡಿದರೆ ನಿಲ್ಲುವುದು ಹೇಗೆಂದು ಗೊತ್ತಾಗುತ್ತದೆ.

ಅಭ್ಯಾಸವನ್ನು ಮೆಟ್ಟಿಲು ಮಾಡಿಕೋ. ನಾಯಿಯ ಚಿತ್ರ ನೋಡುವುದು, ಬೊಗಳುವ ವಿಡಿಯೋ, ಮೊದಲು ಸದ್ದು ಕಡಿಮೆ, ಆಮೇಲೆ ಜೋರು, ಕಿಟಕಿಯಿಂದ ನೋಡುವುದು, ಪರಿಚಯದವರ ಕಟ್ಟಿದ ನಾಯಿಯಿಂದ 20 ಹೆಜ್ಜೆ ದೂರ, ಆಮೇಲೆ 10, ಆಮೇಲೆ 3, ಕೊನೆಗೆ ನಾಯಿಯವರು ಹಿಡಿದುಕೊಂಡಿದ್ದರೆ, ಅವರನ್ನು ಕೇಳಿ, ಬೆನ್ನು ಸವರುವುದು. ಎಷ್ಟು ಹೆದರಿಕೆ ಅಂತ ಬೆರಳಲ್ಲಿ ತೋರಿಸಲಿ. ನಾಲ್ಕು ಬೆರಳಿಂದ ಎರಡಕ್ಕೆ ಇಳಿಯುವ ತನಕ ಅಲ್ಲೇ ನಿಲ್ಲಿ, ಇಳಿದ ಮೇಲೆ ಹೊರಡಿ. ಕೆಡುವುದು ಇಲ್ಲೇ. ನಾಲ್ಕು ಬೆರಳಲ್ಲಿರುವಾಗ ಎತ್ತಿಕೊಂಡು ಓಡಿದರೆ, ತಪ್ಪಿಸಿಕೊಂಡಿದ್ದರಿಂದ ಬದುಕಿದೆ ಅಂತ ಮಗು ಕಲಿಯುತ್ತದೆ, ಮುಂದಿನ ಸಲ ಭಯ ದುಪ್ಪಟ್ಟು. ಐದು ಬೆರಳು ತೋರಿಸಿದರೆ ಮೆಟ್ಟಿಲು ಎತ್ತರವಾಯಿತು ಅಂತ ಅರ್ಥ. ಒದ್ದಾಟ ಬೇಡ, ಒಂದು ಮೆಟ್ಟಿಲು ಕೆಳಗಿಳಿದು ಅಲ್ಲಿ ನಿಂತು ಮುಗಿಸಿ. ದಿನಕ್ಕೆ ಹತ್ತು ನಿಮಿಷದಂತೆ ವಾರಕ್ಕೆ ನಾಲ್ಕೈದು ದಿನ ಆದರೆ ಫಲ ಕಾಣುತ್ತದೆ, ತಿಂಗಳಿಗೊಂದು ದಿನ ಇಡೀ ಸಂಜೆ ಆದರೆ ಇಲ್ಲ. 'ಅದು ಏನೂ ಮಾಡಲ್ಲ' ಅಂತ ಮಾತ್ರ ಹೇಳಬೇಡ, ಎಲ್ಲ ನಾಯಿಗೂ ಆ ಮಾತು ನಿಜವಲ್ಲ. ಊಟ ಮಾಡುತ್ತಿರುವ, ಮರಿ ಹಾಕಿದ, ಗೊತ್ತಿಲ್ಲದ ನಾಯಿಯ ಹತ್ತಿರ ಹೋಗಬಾರದು, ಕಂಡರೆ ಓಡಬಾರದು ಅನ್ನುವುದನ್ನೂ ಜೊತೆಗೇ ಕಲಿಸು. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಕೂಡಲೇ ಲಸಿಕೆಗೆ ಹೋಗಬೇಕು.

ಆ ಹೊತ್ತಿಗೆ ಹೇಳುವ ಮಾತಿಗೆ ಎರಡು ಭಾಗ: 'ಹೆದರಿಕೆ ಆಗ್ತಿದೆ, ನನಗೆ ಗೊತ್ತು. ಆದರೂ ನಿನ್ನ ಕೈಲಿ ತಾಳ್ಕೊಳ್ಳೋಕೆ ಆಗುತ್ತೆ.' ಮೊದಲನೆಯದು ಮಾತ್ರ ಹೇಳಿದರೆ ಭಯಕ್ಕೆ ಒತ್ತಾಸೆ, ಎರಡನೆಯದು ಮಾತ್ರ ಹೇಳಿದರೆ ಗದರಿಕೆ. ಯೇಲ್ ವಿಶ್ವವಿದ್ಯಾಲಯದ ಎಲೈ ಲೆಬೊವಿಟ್ಜ್ ಮತ್ತವರ ಜೊತೆಯವರು ಮಕ್ಕಳನ್ನು ಬಿಟ್ಟು ತಂದೆತಾಯಿಗೆ ಮಾತ್ರ ಇಂಥದ್ದನ್ನು ಕಲಿಸಿ ನೋಡಿದರು. ಮಕ್ಕಳಿಗೇ ನೇರವಾಗಿ ಕೊಡುವ ಚಿಕಿತ್ಸೆಯಷ್ಟೇ ಫಲ ಬಂತು ಅಂತ 2020ರಲ್ಲಿ ವರದಿ ಮಾಡಿದ್ದಾರೆ. ಮೊದಲ ಕೆಲವು ದಿನ ಅಳು ಹೆಚ್ಚಾಗುತ್ತದೆ, ಎದೆಗುಂದಬೇಡ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತಿರಲಿ. ನೀನು ನಿಲ್ಲಿಸಿದಾಗ ಅಜ್ಜಿ ಎತ್ತಿಕೊಂಡರೆ ಅಷ್ಟೂ ವ್ಯರ್ಥ.

ಶಾಲೆಗೆ ಬಿಡುವಾಗ ಕಣ್ಣು ತಪ್ಪಿಸಿ ಬರುತ್ತೀಯ ಅಂತ ಬರೆದಿದ್ದೀಯಲ್ಲ, ಅದನ್ನು ಬಿಡು. ಮುಖ ನೋಡಿ, 'ಊಟ ಆದ ಮೇಲೆ ಬರ್ತೀನಿ' ಅಂತ ಹೇಳಿ, ಒಂದು ಸಲ ಅಪ್ಪಿಕೊಂಡು ಹೊರಟುಬಿಡು. ಹೇಳಿದ ಹೊತ್ತಿಗೆ ಸರಿಯಾಗಿ ಹೋಗು. ಕದ್ದು ಬಂದರೆ ಅವತ್ತು ಅಳು ಕಡಿಮೆ, ಆದರೆ ನೀನು ಯಾವಾಗ ಮಾಯವಾಗುತ್ತೀಯೋ ಅಂತ ಮನೆಯಲ್ಲೂ ಸೆರಗು ಬಿಡುವುದಿಲ್ಲ.

ಪಾಪುವಿನ ತೂಕವನ್ನು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ಬಟ್ಟೆ ತೆಗೆದು ನೋಡಿಸು, ಬರೆದಿಡು. ಪುಟ್ಟಿ ಎಷ್ಟನೇ ಮೆಟ್ಟಿಲಲ್ಲಿದ್ದಾಳೆ ಅನ್ನುವುದನ್ನೂ ಮುಂದಿನ ಪತ್ರದಲ್ಲಿ ತಿಳಿಸು. ಕಾಂಗರೂ ಆರೈಕೆಯ ಭಾಗವನ್ನು ನಿನ್ನ ಯಜಮಾನರಿಗೆ ಓದಿ ಹೇಳು, ನಾಯಿಯ ಭಾಗವನ್ನು ಅಮ್ಮನಿಗೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು.

ಇಂತಿ ನಿನ್ನ ಪ್ರೀತಿಯ
ಅಕ್ಕ